“ಅವರನ್ನು ಕೇಳಿ ಏನು ಪ್ರಯೋಜನ?”

ಡಿಮೆನ್ಷಿಯ ಎಂಬ ಮರೆವಿನ ರೋಗಕ್ಕೆ ತುತ್ತಾದ ಹಿರಿಯರೊಬ್ಬರು ಮನೆಯಲ್ಲಿದ್ದಾಗ, ನೋಡಲು ಬಂದ ನೆಂಟರಾಗಲಿ, ವೈದ್ಯರಾಗಲಿ, ಅಧ್ಯಯನಕ್ಕೆಂದು ಕಾಗದಪತ್ರಗಳೊಡನೆ ಬಂದ ಸಂಶೋಧಕರಾಗಲಿ, ಅವರ ಎದುರಿಗೇ ಕುಳಿತು, ಮಗನನ್ನೋ ಸೊಸೆಯನ್ನೋ ನೋಡುತ್ತ “ಹೇಗಿದ್ದಾರೆ?” ಎಂದು ವಿಚಾರಿಸುವುದು ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಅದರಲ್ಲಿ ಅನುಚಿತವಾದುದೇನಾದರೂ ಇದ್ದೀತೆಂಬ ಶಂಕೆಯೇ ಯಾರಿಗೂ ಹುಟ್ಟುವುದಿಲ್ಲ. ಸ್ಮೃತಿ ಹೋದವನಿಗೆ ಬುದ್ಧಿಯೂ ಹೋಯಿತು, ಬುದ್ಧಿ ಹೋದವನ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂಬ ನಂಬಿಕೆಯೇ ಇದಕ್ಕೆ ಮೂಲ. ಈ ರೋಗವನ್ನು ಕುರಿತ ಸಂಶೋಧನೆಯಲ್ಲಿ ರೋಗಿಯ ಪಾತ್ರವೆಂದರೆ ರಕ್ತ ಕೊಡುವುದು, ಯಂತ್ರದೊಳಗೆ ತಲೆಯಿಡುವುದು, ಕೇಳಿದುದಕ್ಕೆ ಉತ್ತರಿಸುವುದು, ಇಷ್ಟೇ ಎಂದು ತಿಳಿಯಲಾಗಿದೆ. ಏನನ್ನು ಕೇಳಬೇಕೆಂಬುದನ್ನು ನಿಶ್ಚಯಿಸುವಲ್ಲಿ ಅವನಿಗೂ ಅವನನ್ನು ನೋಡಿಕೊಳ್ಳುವವರಿಗೂ ಪಾಲಿರಬೇಕೆಂದು ಹೇಳಿದರೆ, ವಿದ್ಯಾವಂತರು ಕೂಡ “ಅವರನ್ನು ಕೇಳಿ ಏನು ಪ್ರಯೋಜನ?” ಎನ್ನುತ್ತಾರೆ. ಈ ಮಾತನ್ನು ಕೇಳಿ ಕೇಳಿ ನನಗೆ ಬೇಸರವೂ ವ್ಯಥೆಯೂ ಆಗಿದೆ.

ಇದರ ಸುತ್ತ ಬೆಳೆದಿರುವ ಸಣ್ಣ ತಪ್ಪುಗಳಿಗೆ ಒಂದೊಂದು ಮಾತು ಸಾಕು. ಅರವತ್ತಕ್ಕೆ ಅರಳುಮರಳು ಸಹಜವೆಂಬುದು ಸುಳ್ಳು: ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ, ಎಂದರೆ ನೂರಕ್ಕೆ ಏಳೆಂಟು ಮಂದಿಗೆ, ಈ ರೋಗವಿದೆಯೆಂಬ ಅಂದಾಜಿದ್ದು, ಉಳಿದವರಿಗೆ ಅದಿಲ್ಲ. ಆರೈಕೆ ಮಾಡುವವರು ದಣಿದಿರುವುದರಿಂದ ಅವರ ಮಾತು ಪ್ರಮಾಣವಲ್ಲವೆಂಬುದೂ ಸುಳ್ಳು, ಏಕೆಂದರೆ ಆ ದಣಿವೇ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಇನ್ನು ಮುಖ್ಯ ಭ್ರಾಂತಿಗೆ ಬರೋಣ. ಈ ರೋಗವು ಮನಸ್ಸಿನ ಎಲ್ಲ ಶಕ್ತಿಗಳನ್ನೂ ಒಟ್ಟಿಗೆ ಕೆಡವುವುದಿಲ್ಲ. ಡಿಮೆನ್ಷಿಯದ ಮುಖ್ಯ ಬಗೆಯಾದ ಆಲ್ಜೈಮರ್ ರೋಗವು ಸಾಮಾನ್ಯವಾಗಿ ಮೊದಲು ಘಾಸಿಗೊಳಿಸುವುದು ಹೊಸ ನೆನಪುಗಳು ರೂಪುಗೊಳ್ಳುವ ಹಿಪೊಕ್ಯಾಂಪಸ್ ಭಾಗವನ್ನು. ಆದುದರಿಂದಲೇ ಬೆಳಗಿನ ತಿಂಡಿ ಮರೆತುಹೋಗುತ್ತದೆ. ಆದರೆ ಇಷ್ಟಾನಿಷ್ಟಗಳು, ನಾಚಿಕೆ, ಭಯ, ತನ್ನನ್ನು ಕಡೆಗಣಿಸಿದರೆಂಬ ನೋವು, ಕೈಗೆ ಹತ್ತಿದ ಹಳೆಯ ಕೆಲಸಗಳು, ಇವೆಲ್ಲ ಬಹುಕಾಲ ಉಳಿಯುತ್ತವೆ. ನಿನ್ನೆ ಬಲವಂತದಿಂದ ಸ್ನಾನ ಮಾಡಿಸಿದುದು ನೆನಪಿರದ ಅಜ್ಜಿಗೆ, ಇಂದು ಬಚ್ಚಲಮನೆಯ ಬಾಗಿಲಲ್ಲಿ ಎದೆ ನಡುಗುವುದು ತಪ್ಪುವುದಿಲ್ಲ. ಬ್ಯಾಂಕಿನ ಲೆಕ್ಕ ನೋಡಿಕೊಳ್ಳಲಾರದವನು, ಅಬ್ಬರದ ಯಂತ್ರದೊಳಗೆ ಅರ್ಧ ಗಂಟೆ ಅಲುಗದೆ ಮಲಗಲು ತನಗೆ ಒಪ್ಪಿಗೆಯೇ ಅಲ್ಲವೇ ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲನು. ನಿರ್ಣಯಸಾಮರ್ಥ್ಯವು ವಿಷಯದಿಂದ ವಿಷಯಕ್ಕೆ, ಹೊತ್ತಿನಿಂದ ಹೊತ್ತಿಗೆ ಬದಲಾಗತಕ್ಕುದು.

ನಮ್ಮ ಶಾಸನಗಳೂ ಇದನ್ನು ಮನ್ನಿಸಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಚಿಕಿತ್ಸೆಯನ್ನು ಕುರಿತ ನಿರ್ಧಾರವನ್ನು ಮಾತಿನಿಂದಲ್ಲದೆ ಮುಖಭಾವದಿಂದಲೋ ಸನ್ನೆಯಿಂದಲೋ ತಿಳಿಸಬಹುದೆಂದು ಒಪ್ಪಿಕೊಂಡಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥವರ ಮೇಲೆ ನಡೆಯುವ ಸಂಶೋಧನೆಗೆ ಅನುಮತಿ ಕೊಡತಕ್ಕ ಸಮಿತಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ಸ್ವತಃ ಅಂಗವೈಕಲ್ಯವುಳ್ಳವರೋ ಅವರ ನೋಂದಾಯಿತ ಸಂಘಗಳವರೋ ಆಗಿರಬೇಕೆಂದು ವಿಧಿಸಿದೆ. ಶಾಸನ ಹೇಳಿದುದನ್ನು ಸಮಾಜ ಓದಿಲ್ಲ.

“ಮಗನೋ ಮಗಳೋ ಹೇಳಿದರೆ ಸಾಲದೇ?” ಎಂದು ಕೇಳುವವರಿದ್ದಾರೆ. ಸಾಲದು. ರೋಗಿಯ ಬದುಕು ಎಷ್ಟು ಸಹನೀಯವಾಗಿದೆಯೆಂದು ರೋಗಿಯನ್ನೂ ಆರೈಕೆ ಮಾಡುವವರನ್ನೂ ಬೇರೆಬೇರೆಯಾಗಿ ಕೇಳಿದ ಅಧ್ಯಯನಗಳಲ್ಲಿ, ಆರೈಕೆ ಮಾಡುವವರು ಸಾಮಾನ್ಯವಾಗಿ ರೋಗಿಗಿಂತ ಕಡಮೆ ಅಂಕ ಕೊಡುವುದು ಮತ್ತೆ ಮತ್ತೆ ಕಂಡುಬಂದಿದೆ. ಇಬ್ಬರೂ ಸುಳ್ಳಾಡುತ್ತಿಲ್ಲ; ಇಬ್ಬರೂ ಕಾಣುತ್ತಿರುವುದು ಬೇರೆ ಬೇರೆ. ಆದುದರಿಂದ ಇಬ್ಬರನ್ನೂ ಕೇಳಬೇಕು.

ಕೇಳಿದವರಿಗೆ ಏನು ದೊರೆಯಿತೆಂಬುದಕ್ಕೆ ನಿದರ್ಶನಗಳಿವೆ. ರೋಗನಿರ್ಣಯವಾದ ಮೇಲೆ ಸುಮ್ಮನೆ ಕೂರಲೊಲ್ಲದ ಜೇಮ್ಸ್ ಮೆಕಿಲಪ್ ಎಂಬವರು, ರೋಗವುಳ್ಳವರೇ ನಡೆಸತಕ್ಕ ಒಂದು ಕಾರ್ಯಕೂಟವನ್ನು 2002ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದರು; ತಮ್ಮಂಥವರನ್ನು ಸಂದರ್ಶಿಸುವ ಬಗೆ ಹೇಗೆಂದು ಸಂಶೋಧಕರಿಗೇ ಹಿತೋಕ್ತಿ ಹೇಳುವ ಲೇಖನವನ್ನು 2004ರಲ್ಲಿ ಸಂಶೋಧಕಿಯೊಬ್ಬರೊಡನೆ ಸೇರಿ ಬರೆದರು. ಅದೇ ಕೂಟ 2014ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ, ರೋಗದೊಡನೆ ಬಾಳಿದ ಅನುಭವವೂ ಜ್ಞಾನವೆಂದು ಮನ್ನಿಸಬೇಕು, ಸಂಶೋಧಕರಿಗೆ ತರಬೇತಿಯಾಗಬೇಕು, ತಮಗೆ ಕಾಲವು ಸಾಗುವ ಪರಿ ಬೇರೆಯೆಂಬುದನ್ನು ಅರಿತು ಅಧ್ಯಯನದ ಗತಿಯನ್ನು ಹೊಂದಿಸಬೇಕು ಎಂದಿದೆ. ಕೊನೆಯ ಮಾತನ್ನು ಯಾವ ಪ್ರಾಧ್ಯಾಪಕರೂ ತಮ್ಮ ಕೊಠಡಿಯಲ್ಲಿ ಕುಳಿತು ಊಹಿಸಲಾರರು.

ಬ್ರಿಟನ್ನಿನಲ್ಲಿಯೇ ರೋಗಿಗಳು, ಆರೈಕೆ ಮಾಡುವವರು, ವೈದ್ಯರು ಮೊದಲಾದವರಿಂದ ಬಂದ 4,000ಕ್ಕೂ ಮೀರಿದ ಪ್ರಶ್ನೆಗಳನ್ನು ಜರಡಿಯಾಡಿ, 2013ರಲ್ಲಿ ಅತ್ಯವಶ್ಯವಾದ ಹತ್ತನ್ನು ಆರಿಸಲಾಯಿತು. ಊಟ ಮಾಡಲು, ನೀರು ಕುಡಿಯಲು ಒಪ್ಪದವರನ್ನು ಒಲಿಸುವುದು ಹೇಗೆ, ಆಸ್ಪತ್ರೆಗೆ ಸೇರಿದಾಗ ಅವರನ್ನು ನೋಡಿಕೊಳ್ಳುವುದು ಹೇಗೆ, ಮನೆಯಿಂದ ಆರೈಕೆಯ ನಿಲಯಕ್ಕೆ ಕಳುಹಿಸಲು ತಕ್ಕ ಕಾಲ ಯಾವುದು: ಇಂಥವು ಆ ಪಟ್ಟಿಯಲ್ಲಿವೆ. ತುತ್ತು ನುಂಗದ ತಾಯಿಯ ಮುಂದೆ ತಟ್ಟೆ ಹಿಡಿದು ಗಂಟೆಗಟ್ಟಲೆ ಕುಳಿತವರಿಗೆ ಮೊದಲನೆಯ ಪ್ರಶ್ನೆಯ ತೂಕ ತಿಳಿದಿದೆ.

ಔಷಧದ ವಿಷಯದಲ್ಲೂ ಹೀಗೆಯೇ. ಲೆಕಾನೆಮ್ಯಾಬ್ ಎಂಬ ಮದ್ದನ್ನು 1,795 ಮಂದಿಯಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ರೋಗದ ತೀವ್ರತೆಯನ್ನು ಅಳೆಯುವ 18 ಅಂಕಗಳ ಮಾಪನದಲ್ಲಿ, 18 ತಿಂಗಳುಗಳ ಕೊನೆಗೆ, ಮದ್ದು ಪಡೆದವರಿಗೂ ಪಡೆಯದವರಿಗೂ ಕಂಡ ಅಂತರ 0.45. ಈ ಅಂತರ ಆಕಸ್ಮಿಕವಲ್ಲವೆಂದು ಗಣಿತ ಹೇಳುತ್ತದೆ. ಆದರೆ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಸೂಜಿ ಚುಚ್ಚಿಸಿಕೊಂಡು, ಮಿದುಳು ಊದುವ, ಅಲ್ಲಿ ರಕ್ತ ಜಿನುಗುವ ಅಪಾಯವನ್ನು ಹೊತ್ತು ಪಡೆಯಲು ಆ 0.45 ಯೋಗ್ಯವೇ ಎಂಬುದನ್ನು ಗಣಿತ ಹೇಳಲಾರದು. ಅದನ್ನು ಹೇಳಬಲ್ಲವರು ಚುಚ್ಚಿಸಿಕೊಳ್ಳುವವರು, ಕರೆದುಕೊಂಡು ಹೋಗುವವರು.

ಇದು ಪಾಶ್ಚಾತ್ಯರ ವೈಭೋಗವೆಂದು ತಳ್ಳಿಹಾಕುವಂತಿಲ್ಲ. ಗೋವೆಯಲ್ಲಿ ಸಂಶೋಧಕರು ಜನರೊಡನೆ ಕುಳಿತು ಮಾತಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಸ್ಥಿತಿಯನ್ನು ಜನ ಗುರುತಿಸಬಲ್ಲರಾದರೂ, ಅದು ಮನೆಯವರ ಅನಾದರದಿಂದ ಬರುವುದೆಂಬ ಭಾವನೆಯೂ ಅವರಲ್ಲಿದ್ದುದು ತಿಳಿದುಬಂತು. ಹಗಲಿರುಳು ದುಡಿಯುವ ಸೊಸೆಯ ತಲೆಗೆ ಆಪಾದನೆಯೂ ಬೀಳುತ್ತಿತ್ತೆಂದಾಯಿತು. ಮುಂದೆ ಅಲ್ಲಿಯೇ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರನ್ನು ಮನೆಮನೆಗೆ ಕಳುಹಿಸಿ 81 ಕುಟುಂಬಗಳಲ್ಲಿ ನಡೆಸಿದ ಪ್ರಯೋಗದಿಂದ ಆರೈಕೆ ಮಾಡುವವರ ಮನಃಕ್ಲೇಶ ತಗ್ಗಿತೆಂಬುದು 2008ರಲ್ಲಿ ಪ್ರಕಟವಾಯಿತು.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ರೋಗಿಯ ಮಾತಿಗೆ ಪ್ರಮಾಣ ಬೇಡುವ ನಾವೇ, ಕೆಲವೇ ದಿನಗಳಲ್ಲಿ ನೆನಪು ಮರಳಿಸುವೆನೆಂಬ ಗುಳಿಗೆಯ ಜಾಹೀರಾತಿಗೆ, ಯಾರೋ ಮೊಬೈಲಿಗೆ ಕಳುಹಿಸಿದ ಎಣ್ಣೆಯ ಮಹಿಮೆಗೆ ಯಾವ ಪ್ರಮಾಣವನ್ನೂ ಬೇಡುವುದಿಲ್ಲ. ಅಪರಿಚಿತನ ಆಶ್ವಾಸನೆಯನ್ನು ನಂಬಿ ಹಣ ಸುರಿಯುವ ಮನೆಗಳಲ್ಲಿ, ಹೆತ್ತವರು “ಇದು ಬೇಡ” ಎಂದು ಕೈಯಿಂದ ತಳ್ಳಿದುದನ್ನು ಹಟವೆಂದು ಕರೆಯುತ್ತಾರೆ. ಮಾತು ಪೂರ್ತಿ ನಿಂತುಹೋದ ಕೊನೆಯ ಹಂತದಲ್ಲಿಯೂ ಆ ತಳ್ಳುವಿಕೆ ಒಂದು ಉತ್ತರವೇ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 45 ದಾಟಿದವರ ದೀರ್ಘಕಾಲದ ಅಧ್ಯಯನವನ್ನು ನಡೆಸುತ್ತಿದೆ. ಇಂಥ ಕಾರ್ಯ ನಾಳೆ ನಿಮ್ಮ ಮನೆಯ ಬಾಗಿಲಿಗೂ ಬಂದೀತು. ಸಂತೋಷದಿಂದ ಬರಮಾಡಿಕೊಳ್ಳಿ. ಆದರೆ ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮೊದಲು, ಅದನ್ನು ನಿಮ್ಮ ಹಿರಿಯರಿಗೆ, ಅವರ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿ, ನಿಧಾನವಾಗಿ ಓದಿ ಹೇಳಿ, ಬಂದವರನ್ನು, “ಈ ಪ್ರಶ್ನೆಗಳನ್ನು ಆರಿಸುವಾಗ ನಮ್ಮಂಥವರು ಯಾರಾದರೂ ನಿಮ್ಮೊಡನೆ ಕುಳಿತಿದ್ದರೇ?” ಎಂದು ಕೇಳಿ, ಇಲ್ಲವೆಂದರೆ, ಮುಂದಿನ ಸಭೆಗೆ ನಾವು ಬರುತ್ತೇವೆಂದು ಹೇಳಿ.