ಹಳೆಯ ಉಪಕರಣಕ್ಕೆ ಹೊಸ ಕೋಶ

ಟಾರ್ಚಿನ ಬೆಳಕು ಮಂಕಾಯಿತೆಂದರೆ ನಾವು ಅಂಗಡಿಗೆ ಹೋಗಿ ‘ಎರಡು ಪೆನ್ಸಿಲ್ ಸೆಲ್ಲು ಕೊಡಿ’ ಎನ್ನುತ್ತೇವೆ. ಅಂಗಡಿಯವರು ಬೇರೇನನ್ನೂ ಕೇಳುವುದಿಲ್ಲ. ಗಾತ್ರವನ್ನು ಹೇಳಿದರೆ ಎಲ್ಲವನ್ನೂ ಹೇಳಿದಂತೆಯೇ ಸರಿ. ಏಕೆಂದರೆ ಆ ಗಾತ್ರದ ಸಾಧಾರಣ ಶುಷ್ಕಕೋಶವು ಯಾವ ಕಾರ್ಖಾನೆಯಲ್ಲಿ ತಯಾರಾಗಿದ್ದರೂ ಅದರ ವಿಭವ 1.5 ವೋಲ್ಟು. ಗುಳಿಯಲ್ಲಿ ಕುಳಿತ ಕೋಶ ಉಪಕರಣಕ್ಕೂ ಹೊಂದುವುದೆಂಬ ನಂಬಿಕೆ ಹೀಗೆ ನಮ್ಮಲ್ಲಿ ಬೇರೂರಿದೆ. ಲಿಥಿಯಮ್-ಅಯಾನ್ ಕೋಶಗಳ ವಿಷಯದಲ್ಲಿ ಈ ನಂಬಿಕೆ ನಮ್ಮನ್ನು ಮೋಸಗೊಳಿಸುವುದು. ಒಮ್ಮೊಮ್ಮೆ ಪ್ರಾಣಕ್ಕೂ ಸಂಚಕಾರ ತರುವುದು.

ಈ ಕೋಶಗಳನ್ನು ಸೋನಿ ಸಂಸ್ಥೆಯು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಇವುಗಳ ಬೆಳವಣಿಗೆಗೆ ಕಾರಣರಾದ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ದುಂಡುಕೋಶಗಳ ಮೈಮೇಲೆ ಐದು ಅಂಕಿಗಳ ಸಂಖ್ಯೆಯೊಂದನ್ನು ಕಾಣುತ್ತೇವೆ. 18650 ಎಂದಿದ್ದರೆ ವ್ಯಾಸ 18 ಮಿಲಿಮೀಟರು, ಉದ್ದ 65 ಮಿಲಿಮೀಟರು; ಕೊನೆಯ ಸೊನ್ನೆ ಅದು ದುಂಡಾಗಿದೆಯೆಂಬುದರ ಗುರುತು. 18350 ಎಂಬುದು ಅದರ ಗಿಡ್ಡ ತಮ್ಮ, 26650 ದಪ್ಪ ಅಣ್ಣ. 14500 ಎಂಬುದೊಂದಿದೆ, 14 ಮಿಲಿಮೀಟರು ವ್ಯಾಸ, 50 ಮಿಲಿಮೀಟರು ಉದ್ದ. ಅದು ನಮ್ಮ ಪೆನ್ಸಿಲ್ ಸೆಲ್ಲಿನ ಗಾತ್ರವೇ! ಗಡಿಯಾರದಲ್ಲಿ, ಆಟಿಕೆಯಲ್ಲಿ ಅದು ಸಲೀಸಾಗಿ ಕುಳಿತುಕೊಳ್ಳುವುದು. ಆದರೆ ಪೂರ್ಣ ತುಂಬಿದಾಗ ಅದರ ವಿಭವ 4.2 ವೋಲ್ಟು. ಒಂದೂವರೆ ವೋಲ್ಟಿಗೆಂದು ಕಟ್ಟಿದ ಯಂತ್ರದ ಗತಿ ಏನಾಗುವುದೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಸಂಖ್ಯೆಯ ಹಿಂದಿರುವ ಅಕ್ಷರಗಳೂ ಮುಖ್ಯವಾದುವು. ಐಸಿಆರ್ ಎಂದಿದ್ದರೆ ಧನಧ್ರುವದ ವಸ್ತುವಿನಲ್ಲಿ ಕೋಬಾಲ್ಟ್ ಪ್ರಧಾನ. ಐಎಮ್‌ಆರ್ ಎಂದಿದ್ದರೆ ಮ್ಯಾಂಗನೀಸ್. ಐಎನ್‌ಆರ್ ಎಂದಿದ್ದರೆ ನಿಕ್ಕಲ್. ಐಎಫ್‌ಆರ್ ಎಂದಿದ್ದರೆ ಕಬ್ಬಿಣದ ಫಾಸ್ಫೇಟು. ಮೊದಲ ಮೂರರ ಸರಾಸರಿ ವಿಭವ 3.6 ಅಥವಾ 3.7 ವೋಲ್ಟು. ಕಬ್ಬಿಣದ್ದು 3.2 ವೋಲ್ಟು ಮಾತ್ರ, ಅದನ್ನು 3.65 ವೋಲ್ಟಿಗಿಂತ ಮೇಲಕ್ಕೆ ತುಂಬಬಾರದು. 4.2 ವೋಲ್ಟಿನವರೆಗೆ ತುಂಬುವ ಚಾರ್ಜರಿನಲ್ಲಿ ಅದನ್ನಿಟ್ಟರೆ ಕೋಶ ಕೆಡುವುದು. ಗಾತ್ರ ಒಂದೇ ಆದರೂ ಒಳಗಿನ ರಸಾಯನ ಬೇರೆಯೆಂಬುದನ್ನು ಚಾರ್ಜರು ತಾನಾಗಿ ಅರಿಯದು.

ಕೋಶದ ಮೇಲೆ ಅತ್ಯಂತ ಹೆಚ್ಚಿನ ಭಾರ ಹೊರಿಸುವ ಸಣ್ಣ ಉಪಕರಣವೊಂದನ್ನು ತೆಗೆದುಕೊಂಡರೆ ಈ ವಿಷಯವೆಲ್ಲ ಸ್ಪಷ್ಟವಾಗುವುದು. ಅಂಥದು ವಿದ್ಯುತ್ ಸಿಗರೇಟು. ಚೀನದ ಔಷಧಶಾಸ್ತ್ರಜ್ಞ ಹೊನ್ ಲಿಕ್ ಎಂಬುವರು 2003ರಲ್ಲಿ ಇದರ ಇಂದಿನ ರೂಪವನ್ನು ಕಲ್ಪಿಸಿದರು. ಕೆಲವೇ ವರ್ಷಗಳಲ್ಲಿ ಅದು ಯೂರೋಪು ಅಮೆರಿಕಗಳಿಗೆ ಹರಡಿತು. ತಂತಿಸುರುಳಿಯೊಂದು ಕಾದು, ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಸೇದುವವರು ಅದನ್ನು ಎಳೆದುಕೊಳ್ಳುತ್ತಾರೆ. ಕರ್ನಾಟಕ ಸರ್ಕಾರವು 2016ರಲ್ಲಿ ಇದನ್ನು ನಿಷೇಧಿಸಿತು. 2019ರ ಕೇಂದ್ರ ಶಾಸನದಿಂದ ಭಾರತದಲ್ಲೆಲ್ಲ ಇದರ ತಯಾರಿಕೆ, ಆಮದು, ಮಾರಾಟ, ಸಂಗ್ರಹ ಎಲ್ಲವೂ ಅಪರಾಧವಾಗಿವೆ. ನಿಕೋಟಿನ್ ಎಂಬುದು ಒಮ್ಮೆ ಹಿಡಿದರೆ ಬಿಡದ ಚಟವಾದುದರಿಂದ ಈ ನಿಷೇಧ ಯುಕ್ತವೆಂದೇ ನಮ್ಮ ಮತ. ಆದರೆ ಅದರಲ್ಲಿ ಬಳಸುತ್ತಿದ್ದ ಕೋಶಗಳೇ ನಮ್ಮ ಟಾರ್ಚು, ಪವರ್ ಬ್ಯಾಂಕು, ಕೊರೆಯುವ ಯಂತ್ರಗಳಲ್ಲಿಯೂ ಇವೆ. ಆದ್ದರಿಂದ ಹೊರದೇಶದವರು ಕಷ್ಟಪಟ್ಟು ಕಲಿತ ಪಾಠ ನಮಗೂ ಬೇಕಾದುದೇ.

ಆ ಉಪಕರಣಗಳ ಹಳೆಯ ಮಾದರಿಗಳು ಲೇಖನಿಯಂತಿದ್ದುವು. ಅವುಗಳಲ್ಲಿ ಕೋಶವಿದ್ದ ಭಾಗವನ್ನೇ ತಿರುಪಿನಿಂದ ಸುರುಳಿಯ ಭಾಗಕ್ಕೆ ಜೋಡಿಸುತ್ತಿದ್ದರು. ಬಹುಮಂದಿ ತಯಾರಕರು ಅನುಸರಿಸಿದ 510 ಎಂಬ ತಿರುಪು 7 ಮಿಲಿಮೀಟರು ವ್ಯಾಸದ್ದು, ಎಳೆಯಿಂದ ಎಳೆಗೆ ಅರ್ಧ ಮಿಲಿಮೀಟರು. 808 ಎಂಬ ಇನ್ನೊಂದು ತಿರುಪು ಇದಕ್ಕೆ ಕೂಡುತ್ತಿರಲಿಲ್ಲ. ತಿರುಪು ಕೂಡಿದರೆ ಬ್ಯಾಟರಿ ಹೊಂದಿತೆಂದೇ ಬಳಸುವವರು ತಿಳಿಯುತ್ತಿದ್ದರು. ಆಗ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಏಕೆಂದರೆ ಸುರುಳಿಯ ರೋಧ ಎರಡು ಓಮಿನ ಆಸುಪಾಸಿನಲ್ಲಿತ್ತು. ಓಮನ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡೋಣ. 4.2 ವೋಲ್ಟನ್ನು 2.1 ಓಮಿನಿಂದ ಭಾಗಿಸಿದರೆ ಪ್ರವಾಹ 2 ಆಂಪಿಯರು. ಇಷ್ಟನ್ನು ಸಣ್ಣ ಕೋಶವೂ ತಾಳಿಕೊಳ್ಳುವುದು.

ಬರಬರುತ್ತ ಹೆಚ್ಚು ಹೊಗೆಯ ಆಸೆ ಹುಟ್ಟಿತು. ಬಿಡಿ 18650 ಕೋಶಗಳನ್ನು ಹಾಕುವ ಲೋಹದ ಕೊಳವೆಗಳೂ ಪೆಟ್ಟಿಗೆಗಳೂ ಬಂದುವು. ಸುರುಳಿಯ ರೋಧವನ್ನು ಇಳಿಸುತ್ತ ಹೋದರು. ಅರ್ಧ ಓಮಾದರೆ ಪ್ರವಾಹ 8.4 ಆಂಪಿಯರು. 0.2 ಓಮಾದರೆ 21 ಆಂಪಿಯರು! ಹಳೆಯ ಕೊಳವೆ, ಹಳೆಯ ಕೋಶ, ಹೊಸ ಸುರುಳಿ. ಮೂರೂ ಒಂದಕ್ಕೊಂದು ಅಚ್ಚುಕಟ್ಟಾಗಿ ಕೂಡುತ್ತಿದ್ದುವು. ಕೋಶದಿಂದ ಕೇಳುವ ಪ್ರವಾಹ ಮಾತ್ರ ಹತ್ತು ಪಟ್ಟಾಗಿತ್ತು.

ಪ್ರವಾಹ ಹೆಚ್ಚಿದರೆ ಕೋಶಕ್ಕೇನು ಬಾಧೆ? ಪ್ರತಿಯೊಂದು ಕೋಶಕ್ಕೂ ತನ್ನದೇ ಆದ ಅಂತರ್ರೋಧವಿದೆ. ಪ್ರವಾಹದ ವರ್ಗವನ್ನು ಈ ರೋಧದಿಂದ ಗುಣಿಸಿದರೆ ಕೋಶದ ಒಳಗೇ ಹುಟ್ಟುವ ಶಾಖದ ದರ ದೊರೆಯುವುದು. ಅಂತರ್ರೋಧ 0.05 ಓಮು ಎಂದಿಟ್ಟುಕೊಳ್ಳಿ. 2 ಆಂಪಿಯರಿನಲ್ಲಿ ಹುಟ್ಟುವ ಶಾಖ 0.2 ವಾಟು, ಕೈಗೆ ಬೆಚ್ಚಗೂ ತಗಲದು. 20 ಆಂಪಿಯರಿನಲ್ಲಿ ಅದು 20 ವಾಟು. ರೇಡಿಯೋ ದುರಸ್ತಿಗಾರರ ಬೆಸುಗೆ ಕಡ್ಡಿ 25 ವಾಟಿನದು. ಹೆಚ್ಚುಕಡಿಮೆ ಅಂಥದೊಂದು ಕಡ್ಡಿಯನ್ನು ಕೋಶದ ಹೊಟ್ಟೆಯಲ್ಲಿಟ್ಟಂತಾಯಿತು. ಹಳೆಯದಾದಂತೆ ಅಂತರ್ರೋಧ ಹೆಚ್ಚುವುದರಿಂದ ನಿನ್ನೆ ತಾಳಿಕೊಂಡ ಕೋಶ ನಾಳೆಯೂ ತಾಳಿಕೊಳ್ಳುವುದೆಂಬ ಭರವಸೆಯಿಲ್ಲ.

ಇಲ್ಲಿಯೇ ಕೊಳ್ಳುವವರು ಹೆಚ್ಚಾಗಿ ಎಡವುವುದು. ಎರಡು ಕೋಶಗಳಲ್ಲಿ ಒಂದರ ಮೇಲೆ 2500 ಮಿಲಿಆಂಪಿಯರ್-ಗಂಟೆ, ಇನ್ನೊಂದರ ಮೇಲೆ 3400 ಎಂದಿದ್ದರೆ ಎರಡನೆಯದೇ ಉತ್ತಮವೆಂದು ಯಾರಿಗಾದರೂ ತೋರುವುದು ಸಹಜ. ಒಳಗಿನ ರಚನೆಯನ್ನು ನೋಡಿದರೆ ಮಾತು ಬೇರೆಯಾಗುತ್ತದೆ. ಅಲ್ಯುಮಿನಿಯಮ್ ಮತ್ತು ತಾಮ್ರದ ತೆಳುಹಾಳೆಗಳಿಗೆ ಕ್ರಿಯಾವಸ್ತುವನ್ನು ಬಳಿದು, ನಡುವೆ ಪ್ಲಾಸ್ಟಿಕ್ಕಿನ ಪೊರೆಯಿಟ್ಟು, ಚಾಪೆಯಂತೆ ಸುರುಳಿ ಸುತ್ತಿ ಉಕ್ಕಿನ ಡಬ್ಬಿಯಲ್ಲಿ ಇಳಿಸಿರುತ್ತಾರೆ. ಲೇಪವನ್ನು ದಪ್ಪವಾಗಿ ಬಳಿದರೆ ಹೆಚ್ಚು ವಿದ್ಯುತ್ತು ಹಿಡಿಸುವುದು. ಆದರೆ ಲಿಥಿಯಮ್ ಅಯಾನುಗಳು ಆ ದಪ್ಪವನ್ನು ಹಾಯ್ದು ಬರಲು ಹೊತ್ತು ಹಿಡಿಯುವುದು. ತೆಳುವಾಗಿ ಬಳಿದರೆ ಅಯಾನುಗಳ ಸಂಚಾರ ಸುಲಭ, ಸಂಗ್ರಹ ಕಡಿಮೆ. ಕಣಜದ ಗಾತ್ರ ಒಂದು, ಬಾಗಿಲಿನ ಅಗಲ ಇನ್ನೊಂದು. ಹಾಗಾಗಿ 2500ರ ಕೋಶ 20 ಆಂಪಿಯರನ್ನು ನಿರಾಯಾಸವಾಗಿ ಕೊಡಬಲ್ಲುದು. 3400ರ ಕೋಶ ಐದು ಹತ್ತು ಆಂಪಿಯರಿಗೇ ಸುಸ್ತಾಗಬಹುದು. ಗಂಟೆಗಟ್ಟಲೆ ಮೆಲ್ಲನೆ ಉರಿಯುವ ದೀಪಕ್ಕೆ ಎರಡನೆಯದು ಯೋಗ್ಯ. ಕಾಯಿಸುವ ಸುರುಳಿಗೂ ಕೊರೆಯುವ ಯಂತ್ರಕ್ಕೂ ಮೊದಲನೆಯದೇ ಬೇಕು.

ಸಂಖ್ಯೆಯೇ ಸುಳ್ಳಾಗಿದ್ದರೆ? 18650 ಕೋಶದ ಮೇಲೆ 9900 ಎಂದು ಅಚ್ಚಾಗಿರುವುದನ್ನು ಅಂಗಡಿಗಳಲ್ಲಿ ಕಾಣಬಹುದು. ಸಣ್ಣದೊಂದು ಲೆಕ್ಕ ಇದರ ಬಣ್ಣವನ್ನು ಬಯಲಾಗಿಸುತ್ತದೆ. ಈ ಗಾತ್ರದ ಉತ್ತಮ ಕೋಶಗಳು ಹಿಡಿಯುವುದು ಸುಮಾರು 3500 ಮಿಲಿಆಂಪಿಯರ್-ಗಂಟೆ. 3.6 ವೋಲ್ಟಿನಿಂದ ಗುಣಿಸಿದರೆ ಶಕ್ತಿ 12.6 ವಾಟ್-ಗಂಟೆ. 9900ರ ಲೆಕ್ಕದಲ್ಲಿ ಅದು 35 ವಾಟ್-ಗಂಟೆಯನ್ನು ಮೀರಬೇಕು. ಒಂದೇ ಡಬ್ಬಿಯಲ್ಲಿ ಮೂರು ಡಬ್ಬಿಯ ಸರಕು! ನಿಜವಾದ ಕೋಶದ ತೂಕ 45ರಿಂದ 50 ಗ್ರಾಮು. ಹಗುರವಾದ ಕೋಶವನ್ನು ಸಂಶಯದಿಂದಲೇ ನೋಡಬೇಕು. ಅಕ್ಕಸಾಲಿಗರ ತಕ್ಕಡಿ ಇಲ್ಲಿ ವೋಲ್ಟ್‌ಮಾಪಕಕ್ಕಿಂತ ಹೆಚ್ಚಿನದನ್ನು ಹೇಳೀತು.

ವಿದ್ಯುನ್ಮಾನ ನಿಯಂತ್ರಣವಿರುವ ಪೆಟ್ಟಿಗೆಗಳಲ್ಲಿ ಇನ್ನೊಂದು ವಿಚಿತ್ರವಿದೆ. ಕೋಶ ಖಾಲಿಯಾದಂತೆ ಪ್ರವಾಹವೂ ತಗ್ಗುವುದೆಂದು ನಾವು ಎಣಿಸುತ್ತೇವೆ. ನಿಯಂತ್ರಕವು ಸುರುಳಿಗೆ ಸದಾ 60 ವಾಟು ಒದಗಿಸಬೇಕೆಂದು ಪಣತೊಟ್ಟಿದ್ದರೆ ನಡೆಯುವುದು ಇದಕ್ಕೆ ವ್ಯತಿರಿಕ್ತ. ನಷ್ಟವನ್ನು ಬದಿಗಿಟ್ಟರೆ, 4.2 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 14 ಆಂಪಿಯರು, ವಿಭವ 3.2 ವೋಲ್ಟಿಗೆ ಇಳಿದಾಗ ಸುಮಾರು 19 ಆಂಪಿಯರು. ಬಳಲಿದ ಎತ್ತಿನ ಮೇಲೆ ಇನ್ನಷ್ಟು ಹೇರಿದಂತೆ. ಆದುದರಿಂದ ಕೋಶವನ್ನು ಆರಿಸುವಾಗ ಲೆಕ್ಕ ಹಾಕಬೇಕಾದುದು ತುಂಬಿದ ವಿಭವದಿಂದಲ್ಲ, ಬರಿದಾಗುವ ವಿಭವದಿಂದ.

ಇನ್ನು ಹೊರಮೈ. ಮೇಲಿನ ನಡುಬಿಂದುವೊಂದೇ ಧನಧ್ರುವ; ಉಳಿದ ಡಬ್ಬಿಯೆಲ್ಲ, ಭುಜದವರೆಗೂ, ಋಣಧ್ರುವ. ಎರಡನ್ನೂ ಬೇರ್ಪಡಿಸಿರುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮತ್ತು ಕಾಗದದಂಥ ಒಂದು ಬಳೆ. ಹೊದಿಕೆ ಉಗುರಿನಷ್ಟು ಹರಿದರೂ ಲೋಹದ ಕೊಳವೆಯಲ್ಲಿ ನೇರ ಸಂಪರ್ಕ ಏರ್ಪಡಬಹುದು. ಕೆಲವು ಕೋಶಗಳ ತಲೆ ಚಪ್ಪಟೆ, ಕೆಲವಕ್ಕೆ ಗುಬುಟು ಇದೆ. ಗುಬುಟನ್ನು ನಿರೀಕ್ಷಿಸುವ ಟಾರ್ಚಿನಲ್ಲಿ ಚಪ್ಪಟೆಯದು ಮುಟ್ಟದೆ ಉಳಿಯಬಹುದು. ಅದು ಕಿರಿಕಿರಿ ಮಾತ್ರ. ತಿರುಪಿನ ತುದಿಯೇ ನೇರವಾಗಿ ಕೋಶವನ್ನು ಒತ್ತುವ ಕೊಳವೆಗಳಲ್ಲಿ ಮಾತ್ರ ಚಪ್ಪಟೆ ತಲೆಯ ಕೋಶ ಅಪಾಯಕರ. ತುದಿಯ ಅಂಚು ಧನಧ್ರುವವನ್ನೂ ಭುಜವನ್ನೂ ಒಟ್ಟಿಗೆ ಮುಟ್ಟಬಹುದು. ರಕ್ಷಣಾಮಂಡಲವನ್ನು ಸೇರಿಸಿದ ಕೋಶಗಳೂ ಉಂಟು. ಅತಿಯಾದ ಪ್ರವಾಹವನ್ನು ಇವು ತಡೆಯುತ್ತವೆ. ಆದರೆ ಆ ಮಂಡಲದಿಂದಾಗಿ ಉದ್ದ ಎರಡು ಮೂರು ಮಿಲಿಮೀಟರು, ಒಮ್ಮೊಮ್ಮೆ ಇನ್ನೂ ಹೆಚ್ಚು ಬೆಳೆಯುತ್ತದೆ. ಗುಳಿಯಲ್ಲಿ ಹಿಡಿಸದೆಂದು ರಕ್ಷಣೆಯಿಲ್ಲದ ಕೋಶವನ್ನು ತಂದು ತುರುಕುವವರು ಬಹಳ.

ತಪ್ಪಾದರೆ ಆಗುವುದೇನು? ಶಾಖ ಮಿತಿಮೀರಿದಾಗ ನಡುವಿನ ಪೊರೆ ಕುಗ್ಗಿ ಕರಗುವುದು. ಎರಡು ಧ್ರುವಗಳ ವಸ್ತುಗಳೂ ಪರಸ್ಪರ ತಾಗುವುವು. ಧನಧ್ರುವದ ಆಕ್ಸೈಡು ಆಮ್ಲಜನಕವನ್ನು ಬಿಡುವುದು. ಒಳಗಿನ ಸಾವಯವ ದ್ರಾವಣ ಹೊತ್ತಿಕೊಳ್ಳುವುದು. ಒಂದು ಹಂತವನ್ನು ದಾಟಿದ ಮೇಲೆ ಶಾಖವೇ ಶಾಖವನ್ನು ಹುಟ್ಟಿಸುತ್ತ ಹೋಗುವುದರಿಂದ ಗುಂಡಿಯನ್ನು ಬಿಟ್ಟರೂ ಪ್ರಯೋಜನವಿಲ್ಲ. ಅನಿಲಕ್ಕೆ ಹೊರದಾರಿಯಿಲ್ಲದ ಲೋಹದ ಕೊಳವೆಯು ಆಗ ಬಂದೂಕಿನ ನಳಿಗೆಯಾಗುವುದು. ಅಮೆರಿಕದ ಅಗ್ನಿಶಾಮಕ ಆಡಳಿತವು 2017ರಲ್ಲಿ ಹೊರಡಿಸಿದ ವರದಿಯಲ್ಲಿ, 2009ರಿಂದ 2016ರವರೆಗೆ ಪತ್ರಿಕೆಗಳಲ್ಲಿ ವರದಿಯಾಗಿದ್ದ ಇಂಥ 195 ಬೆಂಕಿ ಮತ್ತು ಸ್ಫೋಟಗಳ ವಿವರವಿದೆ. ಅವುಗಳಲ್ಲಿ 61 ಸಂಭವಿಸಿದ್ದು ಜೇಬಿನಲ್ಲಿ. ನಾಣ್ಯ, ಬೀಗದಕೈಗಳ ಜೊತೆ ಬಿಡಿ ಕೋಶವನ್ನು ಜೇಬಿಗೆ ಹಾಕಿಕೊಂಡರೆ ಮಂಡಲ ಪೂರ್ಣವಾಗಲು ಬೇರೇನು ಬೇಕು? 2018ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರ ಜನವರಿಯಲ್ಲಿ ಟೆಕ್ಸಸ್ಸಿನಲ್ಲಿ ಇನ್ನೊಬ್ಬರು ಉಪಕರಣ ಸಿಡಿದು ಪ್ರಾಣ ಕಳೆದುಕೊಂಡರು.

2021ರ ಜನವರಿಯಲ್ಲಿ ಅಮೆರಿಕದ ಗ್ರಾಹಕವಸ್ತು ಸುರಕ್ಷತಾ ಆಯೋಗವು ಬಿಡಿ 18650 ಕೋಶಗಳನ್ನು ಕೊಳ್ಳಬೇಡಿ, ಬಳಸಬೇಡಿ ಎಂದು ಜನರನ್ನು ಎಚ್ಚರಿಸಿತು. ಈ ಕೋಶಗಳನ್ನು ತಯಾರಕರು ಕಟ್ಟಿದ್ದು ರಕ್ಷಣಾಮಂಡಲವಿರುವ ಕಂತೆಗಳಿಗಾಗಿ. ಕಂತೆಯಿಂದ ಬಿಚ್ಚಿ, ಹೊಸ ಹೊದಿಕೆ ತೊಡಿಸಿ ಮಾರುವವರು ಬೇರೆಯವರು. ಕೆಟ್ಟ ಲ್ಯಾಪ್‌ಟಾಪಿನಿಂದ ಕಿತ್ತ ಕೋಶಗಳನ್ನು ಪ್ರಯೋಗಗಳಿಗೆ ಬಳಸುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಎರಡು ಕೋಶಗಳನ್ನು ಸಾಲಾಗಿ ಜೋಡಿಸುವಲ್ಲಿ ಒಂದು ಹೊಸದು, ಒಂದು ಹಳೆಯದು ಎಂದಾದರೆ, ದುರ್ಬಲವಾದುದು ಮೊದಲು ಬರಿದಾಗಿ, ಬಲವಾದುದರ ಪ್ರವಾಹ ಅದನ್ನು ತಲೆಕೆಳಗಾಗಿ ತುಂಬತೊಡಗುವುದು. ಎರಡೂವರೆ ವೋಲ್ಟಿಗಿಂತ ಬಹಳ ಕೆಳಗಿಳಿದು ತಿಂಗಳುಗಟ್ಟಲೆ ಬಿದ್ದಿದ್ದ ಕೋಶವನ್ನು ಮತ್ತೆ ತುಂಬುವುದೂ ಸಲ್ಲದು. ಅದರೊಳಗಿನ ತಾಮ್ರದ ಹಾಳೆ ಅಷ್ಟರಲ್ಲಿ ಕರಗತೊಡಗಿದ್ದೀತು. ಆ ತಾಮ್ರ ಮುಳ್ಳುಗಳಾಗಿ ಬೆಳೆದು ಪೊರೆಯನ್ನು ಚುಚ್ಚಬಹುದು.

ಹೀಗೆಲ್ಲ ವಿಚಾರಿಸಿದ ಮೇಲೆ ಕೆಲವು ಹಳೆಯ ಉಪಕರಣಗಳಿಗೆ ತಕ್ಕ ಕೋಶವೇ ಇಲ್ಲವೆಂಬ ಉತ್ತರ ಬರಬಹುದು. ಎಷ್ಟು ಪ್ರವಾಹ ಎಳೆಯುತ್ತದೆಂಬುದು ಗೊತ್ತಿಲ್ಲ, ಮೂಲ ಕೋಶದ ಮೇಲಿನ ಬರಹ ಅಳಿಸಿದೆ, ತುಂಬುವ ಮಂಡಲ ಯಾವ ವಿಭವದಲ್ಲಿ ನಿಲ್ಲುವುದೋ ತಿಳಿಯದು ಎಂದಾಗ ಅಂದಾಜಿನ ಮೇಲೆ ಕೋಶ ಹಾಕುವುದಕ್ಕಿಂತ ಉಪಕರಣವನ್ನು ಕೈಬಿಡುವುದೇ ಮೇಲು. ಕೋಶವನ್ನು ಒಳಗೇ ಬೆಸೆದು ಮುಚ್ಚಿಬಿಟ್ಟ, ಒಮ್ಮೆ ಬಳಸಿ ಎಸೆಯುವ ವಿದ್ಯುತ್ ಸಿಗರೇಟುಗಳಲ್ಲಿಯಂತೂ ಬದಲಾಯಿಸುವ ಪ್ರಶ್ನೆಯೇ ಏಳದು. ಮತ್ತೆ ಮತ್ತೆ ತುಂಬಬಹುದಾದ ಜಾತಿಯ ಕೋಶವನ್ನೇ ಅದರಲ್ಲಿಟ್ಟು ಒಂದೇ ಬಾರಿಗೆ ಕಸಕ್ಕೆ ಹಾಕಿಸುವ ಈ ಪದ್ಧತಿಯನ್ನು ಬ್ರಿಟನ್ 2025ರ ಜೂನ್ 1ರಂದು ನಿಷೇಧಿಸಿತು.

ಕೈಬಿಟ್ಟ ಕೋಶವನ್ನು ಮನೆಯ ಕಸದೊಡನೆ ಹಾಕಬಾರದು. ಕಸದ ಲಾರಿಯಲ್ಲಿ ಅದು ಜಜ್ಜಿಹೋದರೆ ಅಲ್ಲಿಯೇ ಹೊತ್ತಿಕೊಳ್ಳಬಹುದು. ಎರಡು ತುದಿಗಳಿಗೂ ಅಂಟುಪಟ್ಟಿ ಹಚ್ಚಿ, ವಿದ್ಯುನ್ಮಾನ ಕಸವನ್ನು ಸ್ವೀಕರಿಸುವ ಕೇಂದ್ರಕ್ಕೆ ಕೊಡಬೇಕು. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದರೊಳಗಿನ ಕೋಬಾಲ್ಟ್, ನಿಕ್ಕಲ್, ತಾಮ್ರ, ಲಿಥಿಯಮ್‌ಗಳನ್ನು ಬೇರ್ಪಡಿಸಿ ಮತ್ತೆ ಹೊಸ ಕೋಶಗಳಿಗೆ ಬಳಸಬಹುದಾಗಿದೆ.