ರಾ ಫೋಟೊಗೆ ಬಣ್ಣ ಕೊಡುವವರು ಯಾರು?

ಮುಹೂರ್ತದ ಹೊತ್ತಿನಲ್ಲಿ ತೆಗೆದ ಫೋಟೊ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಂಗೊಳಿಸುತ್ತಿರುತ್ತದೆ. ಅದರ ರಾ ಫೈಲನ್ನು, ಅಂದರೆ ಸೆನ್ಸರ್ ದಾಖಲಿಸಿದ ಕಚ್ಚಾ ಮಾಹಿತಿಯನ್ನು, ಕಂಪ್ಯೂಟರಿನಲ್ಲಿ ತೆರೆದರೆ ಮದುಮಗಳ ಮುಖ ಮಂಕು, ಕೆಂಪು ಸೀರೆ ಕಿತ್ತಳೆಯತ್ತ ವಾಲಿದ ಹಾಗೆ. ಹೊಸದಾಗಿ ರಾ ಬಳಸುವವರು ಇಲ್ಲಿ ಕ್ಯಾಮೆರಾವನ್ನೋ ಲೆನ್ಸನ್ನೋ ದೂರುವುದುಂಟು. ತಪ್ಪು ಎರಡರದ್ದೂ ಅಲ್ಲ. ಪರದೆಯಲ್ಲಿ ಕಂಡದ್ದು ಕ್ಯಾಮೆರಾ ತಾನೇ ಸಿದ್ಧಪಡಿಸಿದ ಜೆಪೆಗ್. ಕಂಪ್ಯೂಟರ್ ತೋರಿಸುತ್ತಿರುವುದು ಸಾಫ್ಟ್‌ವೇರ್ ತನ್ನ ಲೆಕ್ಕದಲ್ಲಿ ಕಟ್ಟಿದ ಚಿತ್ರ.

ಸೆನ್ಸರ್‌ ಅಳೆಯುವುದು ಬೆಳಕಿನ ಪ್ರಮಾಣವನ್ನಷ್ಟೇ. ಅದರ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳನ್ನು ಜೋಡಿಸುವ ವಿನ್ಯಾಸಕ್ಕೆ ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ನಾಲ್ಕು ಚುಕ್ಕಿಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಬಹುತೇಕ ಕ್ಯಾಮೆರಾಗಳಲ್ಲಿ ಇಂದಿಗೂ ಇರುವುದು ಇದೇ. ಪ್ರತಿ ಚುಕ್ಕಿಗೆ ಸಿಗುವುದು ಒಂದೇ ಬಣ್ಣದ ಲೆಕ್ಕ. ಉಳಿದೆರಡನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಸಾಫ್ಟ್‌ವೇರ್ ಅಂದಾಜಿಸುತ್ತದೆ. ಆಮೇಲೆ ವೈಟ್ ಬ್ಯಾಲೆನ್ಸ್, ಕ್ಯಾಮೆರಾ ಪ್ರೊಫೈಲ್, ಟೋನ್ ಕರ್ವ್. ಯಾವ ಕೆಂಪು ಎಷ್ಟು ಕೆಂಪಾಗಿ ಕಾಣಬೇಕೆಂದು ತೀರ್ಮಾನಿಸುವಲ್ಲಿ ಪ್ರೊಫೈಲ್‌ನದ್ದೇ ದೊಡ್ಡ ಪಾತ್ರ. ಸಾಫ್ಟ್‌ವೇರ್ ಆರಿಸುವಾಗ ನೂರೆಂಟು ಸೌಲಭ್ಯಗಳ ಪಟ್ಟಿಗಿಂತ ಮೊದಲು ನೋಡಬೇಕಾದದ್ದು, ನಿಮ್ಮ ಕ್ಯಾಮೆರಾಗೆ ಅದರಲ್ಲಿ ಎಂಥ ಪ್ರೊಫೈಲ್ ಇದೆ ಎಂಬುದನ್ನು.

ಯಾವುದು ಯಾರಿಗೆ?

ಕ್ಯಾಮೆರಾದ ಜೆಪೆಗ್ ಬಣ್ಣವೇ ನಿಮಗೆ ಇಷ್ಟವಾದರೆ ತಯಾರಕರ ಸಾಫ್ಟ್‌ವೇರ್‌ನಿಂದಲೇ ಶುರುಮಾಡಿ. ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೊ ಎರಡೂ ಉಚಿತ. ಕ್ಯಾಮೆರಾದಲ್ಲಿ ಆರಿಸಿದ ಪಿಕ್ಚರ್ ಸೆಟ್ಟಿಂಗನ್ನೇ ಅನ್ವಯಿಸುತ್ತವೆ. ಫ್ಯೂಜಿಫಿಲ್ಮ್‌ನ ಎಕ್ಸ್ ರಾ ಸ್ಟುಡಿಯೊ ಕೇಬಲ್‌ನಲ್ಲಿ ಜೋಡಿಸಿದ ಕ್ಯಾಮೆರಾದ ಪ್ರೊಸೆಸರ್‌ನಿಂದಲೇ ಕೆಲಸ ಮಾಡಿಸುತ್ತದೆ.

ಲೈಟ್‌ರೂಮ್ ಬಳಸುವವರು ತಾನಾಗಿಯೇ ಬರುವ ‘ಅಡೋಬಿ ಕಲರ್’ ಹತ್ತಿರ ನಿಲ್ಲಬೇಕಿಲ್ಲ. ಪ್ರೊಫೈಲ್ ಪಟ್ಟಿಯ ‘ಕ್ಯಾಮೆರಾ ಮ್ಯಾಚಿಂಗ್’ ಗುಂಪಿನಲ್ಲಿ ಸ್ಟ್ಯಾಂಡರ್ಡ್, ಪೋರ್ಟ್ರೇಟ್ ಮುಂತಾದವನ್ನು ಹಾಕಿ ನೋಡಿದರೆ ಮುಖದ ಬಣ್ಣ ಒಂದೇ ಕ್ಲಿಕ್ಕಿಗೆ ಬದಲಾಗುತ್ತದೆ. ಕ್ಯಾಪ್ಚರ್ ಒನ್ ಕ್ಯಾಮೆರಾ ಮಾದರಿಗೊಂದರಂತೆ ಪ್ರೊಫೈಲ್ ಕೊಡುತ್ತದೆ. ಸ್ಟುಡಿಯೊದವರು ಮೆಚ್ಚುವುದು ಅದಕ್ಕೇ. ಹಣ ಹಾಕದೆ ಕಲಿಯಬೇಕೆನ್ನುವವರಿಗೆ ರಾಥೆರಪಿ, ಡಾರ್ಕ್‌ಟೇಬಲ್ ಇವೆ. ರಾ ಫೈಲಿನೊಳಗೆ ಕ್ಯಾಮೆರಾ ಸೇರಿಸಿಟ್ಟ ಜೆಪೆಗ್‌ಗೆ ಹೊಂದುವ ಟೋನ್ ಕರ್ವನ್ನು ರಾಥೆರಪಿ ತಾನೇ ಹಾಕಬಲ್ಲದು. ಡಾರ್ಕ್‌ಟೇಬಲ್ ಜೆಪೆಗ್ ಅನ್ನು ಅನುಕರಿಸಲು ಹೋಗುವುದಿಲ್ಲ. ಅದು ತಾಳ್ಮೆ ಬೇಡುತ್ತದೆ.

ಕೆಂಪು ಸೀರೆಯ ಪರೀಕ್ಷೆ

ಪರೀಕ್ಷೆಗೆ ನಿಮ್ಮವೇ ಫೋಟೊಗಳಿರಲಿ: ಕಿಟಕಿ ಬೆಳಕಿನ ಮುಖ, ಬಾಳೆ ಎಲೆಯ ಹಸಿರು, ಸಂಜೆಯ ಆಕಾಶ, ಮುಖ್ಯವಾಗಿ ಕೆಂಪು ರೇಷ್ಮೆ ಸೀರೆ. ಮೊದಲು ಮಾನಿಟರ್ ಕ್ಯಾಲಿಬ್ರೇಟ್ ಮಾಡಿ. ಫೋಟೊ ತೆಗೆಯುವಾಗ ಒಂದು ಗ್ರೇ ಕಾರ್ಡ್ ಇಟ್ಟುಕೊಂಡಿದ್ದರೆ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ವೈಟ್ ಬ್ಯಾಲೆನ್ಸ್ ಅದರಿಂದಲೇ ತೆಗೆದುಕೊಳ್ಳಬಹುದು. ಬೇರೆ ಯಾವ ಸ್ಲೈಡರನ್ನೂ ಮುಟ್ಟದೆ ಹೋಲಿಸಿ.

ಸೀರೆಯ ಸೆರಗನ್ನು 100% ಹಿಗ್ಗಿಸಿ. ಮಂಟಪದ ಹಳದಿ ದೀಪದಡಿ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿಬಿಡುವುದು ಸಾಮಾನ್ಯ. ಅದರ ಮೇಲೆ ಪ್ರೊಫೈಲೂ ಬಣ್ಣ ಏರಿಸಿದರೆ ಮಡಿಕೆ, ನೇಯ್ಗೆ, ಜರಿಯಂಚು ಎಲ್ಲ ಸೇರಿ ಒಂದೇ ಕೆಂಪು ಮುದ್ದೆ. ಈಗ ನ್ಯೂಟ್ರಲ್ ಪ್ರೊಫೈಲ್‌ಗೆ ಬದಲಿಸಿ. ಮಡಿಕೆಗಳು ಮರಳಿದರೆ ವಿವರ ಫೈಲಿನಲ್ಲಿ ಸುರಕ್ಷಿತವಾಗಿತ್ತು, ಅದನ್ನು ನುಂಗಿದ್ದು ಪ್ರೊಫೈಲ್. ಮರಳದಿದ್ದರೆ ಎಕ್ಸ್‌ಪೋಷರ್ ಹೆಚ್ಚಾಗಿದೆ. ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿಪಡಿಸಲಾರದು.

ಮುಖಗಳನ್ನು ನೋಡುವಾಗ ಇನ್ನೂ ಎಚ್ಚರ ಬೇಕು. ಮುಖವನ್ನು ಬೆಳ್ಳಗೆ ಮಾಡುವುದೇ ಚೆಂದವೆಂಬ ಭ್ರಮೆ ನಮ್ಮ ಮದುವೆ ಆಲ್ಬಂಗಳನ್ನು ಬಹುಕಾಲ ಆಳಿದೆ. ಗೋಧಿ ಬಣ್ಣದವರು, ಎಣ್ಣೆಗಪ್ಪಿನವರು ಒಂದೇ ಗ್ರೂಪ್ ಫೋಟೊದಲ್ಲಿ ನಿಂತಾಗ ಯಾರ ಮುಖವೂ ಬೂದಿ ಬಡಿದಂತಾಗದೆ, ಯಾರದ್ದೂ ಬಿಳಿಚಿಕೊಳ್ಳದೆ, ಅವರವರ ಬಣ್ಣದಲ್ಲೇ ಉಳಿಯಬೇಕು. ಇಷ್ಟನ್ನು ಹೆಚ್ಚು ತಿದ್ದುಪಡಿಯಿಲ್ಲದೆ ಮಾಡಿಕೊಡುವ ಸಾಫ್ಟ್‌ವೇರನ್ನು, ಅದು ಉಚಿತದ್ದಾಗಿರಲಿ ದುಬಾರಿಯದ್ದಾಗಿರಲಿ, ಕಣ್ಣುಮುಚ್ಚಿ ಆರಿಸಿಕೊಳ್ಳಬಹುದು.