‘ಅನುಮತಿ ಇಲ್ಲ’ ಎಂದರೆ ಏನರ್ಥ? ಲಿನಕ್ಸ್ ಸರ್ವರಿನಲ್ಲಿ ದೋಷಪತ್ತೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಕಾಲೇಜುಗಳ ವಿದ್ಯಾರ್ಥಿಗಳು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುತ್ತಾರೆ ಎಂದುಕೊಳ್ಳಿ. ನಾಲ್ಕೂ ಊರಿನ ಅಳತೆಗಳು ಒಂದೆಡೆ ಸೇರಬೇಕು, ಎಲ್ಲರಿಗೂ ಓದಲು ಸಿಗಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ಹಾಸನದ ಪ್ರಯೋಗಾಲಯದಲ್ಲಿರುವ ಹಳೆಯ ಗಣಕವೊಂದಕ್ಕೆ ಉಬುಂಟು ಲಿನಕ್ಸ್ ಹಾಕಿ, ಅಪಾಚೆ ಎಂಬ ಉಚಿತ ಸರ್ವರ್ ತಂತ್ರಾಂಶವನ್ನು ಸ್ಥಾಪಿಸಿದರೆ ಸಾಕು.

ವಿಂಡೋಸಿಗೆ ಮಾತ್ರ ಒಗ್ಗಿದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಕಡತ ಇದೆ, ಸರ್ವರ್ ನಡೆಯುತ್ತಿದೆ. ಆದರೂ ಬ್ರೌಸರಿನಲ್ಲಿ ‘403 ಫರ್ಬಿಡನ್’ ಎಂಬ ಸಂದೇಶ. ಆಗ ಯಾರಾದರೂ ‘777 ಕೊಡಿ, ಸರಿಹೋಗುತ್ತದೆ’ ಎನ್ನುತ್ತಾರೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ಕಟ್ಟುವ ಸಲಹೆಯಿದು. ದೀಪವೇನೋ ಉರಿಯುತ್ತದೆ, ರಕ್ಷಣೆ ಹೋಗುತ್ತದೆ. ಹಾಗಾದರೆ ದೋಷವನ್ನು ಪತ್ತೆ ಮಾಡುವುದು ಹೇಗೆ?

ಮೂರು ಅಂಕಿಗಳ ಲೆಕ್ಕ

ಲಿನಕ್ಸಿನ ಅನುಮತಿ ಪದ್ಧತಿ ಬಂದದ್ದು ಯೂನಿಕ್ಸಿನಿಂದ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಕೆಲಸ ಆರಂಭಿಸಿದರು. ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲವದು. ಒಬ್ಬರ ಕಡತವನ್ನು ಮತ್ತೊಬ್ಬರು ಕೆಡಿಸದಂತೆ ಕಾವಲು ಬೇಕಿತ್ತು. ವಿಂಡೋಸ್ 95 ಮತ್ತು 98 ಒಬ್ಬರೇ ಬಳಸುವ ಗಣಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವು; ಅವುಗಳಲ್ಲಿ ಕಡತಕ್ಕೊಂದು ಒಡೆತನ ಎಂಬುದೇ ಇರಲಿಲ್ಲ.

ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು ಇರುತ್ತದೆ, ಉಳಿದವರು ‘ಇತರರು’. ಓದುವುದಕ್ಕೆ 4, ಬರೆಯುವುದಕ್ಕೆ 2, ಕಾರ್ಯಗತ ಮಾಡುವುದಕ್ಕೆ 1. ಇವು ದ್ವಿಮಾನ ಪದ್ಧತಿಯ ಮೂರು ಸ್ಥಾನಗಳು. ಕೂಡಿಸಿದರೆ 0ಯಿಂದ 7ರವರೆಗಿನ ಒಂದು ಅಂಕಿ. ನಮ್ಮ ಉದಾಹರಣೆಯಲ್ಲಿ ಸರ್ವರ್ ನೋಡಿಕೊಳ್ಳುವ ಅಧ್ಯಾಪಕರು ಒಡೆಯರು, ನಾಲ್ಕೂ ಊರಿನ ಅಧ್ಯಾಪಕರು ಗುಂಪು, ವಿದ್ಯಾರ್ಥಿಗಳು ಇತರರು. ಅಳತೆಯ ಕಡತಕ್ಕೆ 664 ಕೊಟ್ಟರೆ ಅಧ್ಯಾಪಕರೆಲ್ಲ ಓದಿ ಬರೆಯಬಹುದು, ಇತರರು ಓದಬಹುದು ಅಷ್ಟೆ. ಅಂಕಿಗಳನ್ನು ಬದಲಿಸುವ ಆದೇಶ ‘ಸಿಎಚ್‌ಮಾಡ್’. ನೋಡುವ ಆದೇಶ ‘ಎಲ್‌ಎಸ್ -ಎಲ್’.

ಕೇಳುತ್ತಿರುವವರು ಯಾರು?

ಸರ್ವರನ್ನು ಸ್ಥಾಪಿಸಿದವರು ನೀವೇ ಇರಬಹುದು. ಆದರೆ ಕಡತವನ್ನು ತೆರೆಯುವುದು ನಿಮ್ಮ ಹೆಸರಿನಲ್ಲಿ ಅಲ್ಲ. ಉಬುಂಟುವಿನಲ್ಲಿ ಅಪಾಚೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಪ್ರತ್ಯೇಕ ಬಳಕೆದಾರನಾಗಿ ಕೆಲಸ ಮಾಡುತ್ತದೆ. ಫೆಡೋರಾದಲ್ಲಿ ಆ ಬಳಕೆದಾರನ ಹೆಸರೇ ‘ಅಪಾಚೆ’. ‘ನನಗೆ ತೆರೆಯುತ್ತದೆ, ಸರ್ವರಿಗೆ ಏಕಿಲ್ಲ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ‘ಸುಡೊ -ಯು’ ಆದೇಶದಿಂದ ಆ ಬಳಕೆದಾರನ ಹೆಸರಿನಲ್ಲೇ ಕಡತವನ್ನು ತೆರೆದು ನೋಡಿ. ತೆರೆಯದಿದ್ದರೆ ದೋಷ ಅನುಮತಿಯಲ್ಲಿದೆ.

ದಾರಿಯ ಬಾಗಿಲುಗಳು

ಕಡತಕ್ಕೆ 664 ಇದ್ದೂ ತೆರೆಯದಿದ್ದರೆ ಅದರ ದಾರಿಯನ್ನು ಪರೀಕ್ಷಿಸಬೇಕು. ಕಡತಕೋಶಕ್ಕೆ 1ರ ಅರ್ಥವೇ ಬೇರೆ: ಒಳಗೆ ಹಾದುಹೋಗುವ ಹಕ್ಕು. ಮೂಲಕೋಶದಿಂದ ಕಡತದವರೆಗೆ ಪ್ರತಿಯೊಂದು ಕೋಶವೂ ದಾರಿ ಕೊಡಬೇಕು. ಒಂದು ಬಾಗಿಲು ಮುಚ್ಚಿದ್ದರೂ ಒಳಕೋಣೆ ತೆರೆದಿದ್ದು ಪ್ರಯೋಜನವಿಲ್ಲ. ಬಲ್ಬು ಉರಿಯದಿದ್ದಾಗ ಬ್ಯಾಟರಿಯ ಕಡೆಯಿಂದ ವೋಲ್ಟ್‌ಮೀಟರ್ ಹಿಡಿದು ಒಂದೊಂದೇ ಬಿಂದುವನ್ನು ಪರೀಕ್ಷಿಸುವುದಿಲ್ಲವೇ? ಇಲ್ಲಿ ಆ ವೋಲ್ಟ್‌ಮೀಟರ್ ‘ನೇಮ್‌ಐ -ಎಲ್’ ಆದೇಶ. ದಾರಿಯ ಪ್ರತಿ ಕೋಶದ ಒಡೆಯ, ಗುಂಪು, ಅನುಮತಿಗಳನ್ನು ಅದು ಸಾಲಾಗಿ ತೋರಿಸುತ್ತದೆ.

ಹಳೆಯ ಪುಸ್ತಕ ನೋಡಿ ಕೆಲಸ ಮಾಡುವವರು ಇನ್ನೊಂದು ಸಂಗತಿ ಗಮನಿಸಬೇಕು. ಉಬುಂಟುವಿನಲ್ಲಿ ಹೊಸ ಬಳಕೆದಾರರ ಮನೆಕೋಶಕ್ಕೆ ಮೊದಲು 755 ಇರುತ್ತಿತ್ತು, 2021ರ 21.04 ಆವೃತ್ತಿಯಿಂದ ಅದು 750. ಕೊನೆಯ ಸೊನ್ನೆ ಇತರರಿಗೆ ಬಾಗಿಲು ಮುಚ್ಚುತ್ತದೆ, ಸರ್ವರಿಗೂ ಸಹ. ಮನೆಯ ಬಾಗಿಲು ತೆಗೆಯುವುದಕ್ಕಿಂತ, ಸಾರ್ವಜನಿಕ ಪುಟಗಳಿಗೆಂದೇ ಇರುವ ಕೋಶಕ್ಕೆ ಕಡತಗಳನ್ನು ನಕಲು ಮಾಡುವುದು ಲೇಸು.

ಎರಡನೆಯ ಕಾವಲುಗಾರ

ಫೆಡೋರಾದಂಥ ವ್ಯವಸ್ಥೆಗಳಲ್ಲಿ ಅಂಕಿಗಳೆಲ್ಲ ಸರಿಯಿದ್ದರೂ ತಡೆ ಬರಬಹುದು. ಅಲ್ಲಿ ಎಸ್‌ಇಲಿನಕ್ಸ್ ಎಂಬ ಮತ್ತೊಂದು ಕಾವಲಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ರೂಪಿಸಿ 2000ದಲ್ಲಿ ಬಿಡುಗಡೆ ಮಾಡಿದ ಇದು ಪ್ರತಿ ಕಡತಕ್ಕೂ ಒಂದು ಚೀಟಿ ಅಂಟಿಸುತ್ತದೆ. ಮನೆಕೋಶದಿಂದ ಕಡತವನ್ನು ಸ್ಥಳಾಂತರಿಸಿದರೆ ಹಳೆಯ ಚೀಟಿಯೂ ಜೊತೆಗೆ ಬರುತ್ತದೆ. ನಕಲು ಮಾಡಿದರೆ ಸಾಮಾನ್ಯವಾಗಿ ಹೊಸ ಜಾಗದ ಚೀಟಿ ಸಿಗುತ್ತದೆ. ‘ಎಲ್‌ಎಸ್’ ಆದೇಶಕ್ಕೆ ದೊಡ್ಡ ಅಕ್ಷರದ ‘ಝಡ್’ ಸೇರಿಸಿದರೆ ಚೀಟಿ ಕಾಣುತ್ತದೆ. ‘ರಿಸ್ಟೋರ್‌ಕಾನ್’ ಅದನ್ನು ಸರಿಪಡಿಸುತ್ತದೆ.

ಯಾವ ಕಾವಲು ತಡೆಯಿತೆಂದು ಊಹಿಸಬೇಕಾಗಿಲ್ಲ. ಮೊದಲು ಅಪಾಚೆಯ ದೋಷ ದಾಖಲೆಯನ್ನು ಓದಿ. ಅಲ್ಲಿ 13 ಎಂಬ ಸಂಖ್ಯೆಯೊಂದಿಗೆ ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ತಡೆದದ್ದು ಕಾರ್ಯಾಚರಣ ವ್ಯವಸ್ಥೆ. ‘ಸರ್ವರ್ ಕಾನ್ಫಿಗರೇಷನ್’ ತಡೆಯಿತು ಎಂದಿದ್ದರೆ ಸಿಎಚ್‌ಮಾಡ್ ಮುಟ್ಟಲೇಬೇಡಿ. ತಿದ್ದಬೇಕಾದದ್ದು ಅಪಾಚೆಯ ಸಂರಚನಾ ಕಡತವನ್ನು.

777 ಏಕೆ ಬೇಡ?

ಅಳತೆಯ ಕಡತಕ್ಕೆ 777 ಕೊಟ್ಟರೆ ಆ ಗಣಕಕ್ಕೆ ಪ್ರವೇಶವಿರುವ ಯಾರು ಬೇಕಾದರೂ, ಯಾವ ದುರುದ್ದೇಶದ ತಂತ್ರಾಂಶ ಬೇಕಾದರೂ ಅರಕಲಗೂಡಿನ ವಿದ್ಯಾರ್ಥಿ ಪಡೆದ 9.7 ಅನ್ನು 9.8 ಎಂದು ತಿದ್ದಬಹುದು. ಆಮೇಲೆ ಆ ಪಟ್ಟಿಯ ಯಾವ ಅಂಕಿಯನ್ನೂ ನಂಬುವಂತಿಲ್ಲ. ಕೋಶಕ್ಕೆ 777 ಇದ್ದರಂತೂ ಓದಲು ಮಾತ್ರ ಬಿಟ್ಟ ಕಡತವನ್ನೂ ಅಳಿಸಬಹುದು. ಏಕೆಂದರೆ ಅಳಿಸುವ ಹಕ್ಕು ಕಡತದ್ದಲ್ಲ, ಅದಿರುವ ಕೋಶದ್ದು. ಮನೆಕೋಶಕ್ಕೆ 777 ಕೊಟ್ಟರೆ ದೂರದಿಂದ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ನಿಮ್ಮ ಕೀಲಿಯನ್ನು ನಂಬದೆ ನಿರಾಕರಿಸುತ್ತದೆ. ಎಲ್ಲರಿಗೂ ಬಾಗಿಲು ತೆಗೆಯಲು ಹೋಗಿ ನೀವೇ ಹೊರಗೆ ಉಳಿಯುವಿರಿ.

ಪ್ರಯೋಗಾಲಯದ ಶಿಸ್ತೇ ಇಲ್ಲಿಯೂ ಸಾಕು: ದಾಖಲೆ ಓದಿ, ಕೇಳುವವರನ್ನು ಗುರುತಿಸಿ, ದಾರಿ ಪರೀಕ್ಷಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ. ಸಾಮಾನ್ಯ ಬಳಕೆದಾರರಾಗಿ ಒಂದು ಕೋಶ ಮಾಡಿ, ಒಳಗೊಂದು ಕಡತವಿಡಿ. ಕೋಶಕ್ಕೆ ಮೊದಲು 400, ಆಮೇಲೆ 100 ಕೊಡಿ. ಯಾವುದರಲ್ಲಿ ಹೆಸರಿನ ಪಟ್ಟಿ ಕಾಣುತ್ತದೆ, ಯಾವುದರಲ್ಲಿ ಕಡತ ತೆರೆಯುತ್ತದೆ? ಉತ್ತರವನ್ನು ಮೊದಲು ಕಾಗದದ ಮೇಲೆ ಬರೆದು, ನಂತರ ಮಾಡಿ ನೋಡಿ.